ಅರಿಶಿನದ ತೋಳಿನಿಂದ ತೆಗೆದ ರಕ್ತ

ಅಥವಾ ಕಫ ಹಿಡಿಯುವ ಆ ಡಬ್ಬಿಗಳು ತಗಡಿನವೇ ಆಗಿದ್ದವೇ? ತಗಡಿನವು ಎಂದೇ ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದೇನೆ. ಮುಚ್ಚಳ ತೆಗೆಯುವಾಗ ಆಗುತ್ತಿದ್ದ ಸಣ್ಣ ಸದ್ದು ಕೂಡ ಕಿವಿಯಲ್ಲಿದೆ. ಆದರೆ ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದ್ದದ್ದು ಮೇಣ ಸವರಿದ ರಟ್ಟಿನ ಬಟ್ಟಲುಗಳು. ತಗಡು ಬಂದದ್ದು ಆಮೇಲೆ. ಹಾಗಿದ್ದರೆ ಆ ಬಾಣಂತಿಯ ಹೆಸರಿನ ಚೀಟಿ ಅಂಟಿಸಿಕೊಂಡು ನನ್ನ ಮೇಜಿಗೆ ಬಂದದ್ದು ಯಾವುದು? ಸದ್ದು ಎಲ್ಲಿಂದಲೋ ಬಂದು ರಟ್ಟಿನ ಬಟ್ಟಲಿಗೆ ಸೇರಿಕೊಂಡಿರಬಹುದು. ಇಂಥ ನೆನಪನ್ನು ನಂಬಿ ಒಬ್ಬಳ ಸಾವನ್ನು ಬರೆಯುವುದು ಸರಿಯೇ ಎಂದು ಕೇಳಿಕೊಳ್ಳುತ್ತಲೇ ಬರೆಯುತ್ತಿದ್ದೇನೆ. ಖಚಿತವಾಗಿ ಗೊತ್ತಿರುವುದನ್ನು ಹೀಗಾಯಿತು ಎನ್ನುತ್ತೇನೆ. ಉಳಿದದ್ದನ್ನು ಅನುಮಾನವಾಗಿಯೇ ಬಿಡುತ್ತೇನೆ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಆಸ್ಪತ್ರೆ ಜಯನಗರದ ಅಂಚಿನಲ್ಲಿತ್ತು. ಹಿಂದಿನ ಗೋಡೆ ದಾಟಿದರೆ ರಾಗಿ ಹೊಲ. ಲ್ಯಾಬು ಎಂದರೆ ಒಂದು ಉದ್ದನೆಯ ಕೋಣೆ, ಒಂದು ಸೂಕ್ಷ್ಮದರ್ಶಕ, ಸಂಜೆಯಾದರೆ ಕರೆಂಟಿನ ಜೊತೆ ತಾನೂ ಸೊರಗುವ ಒಂದು ಇನ್‌ಕ್ಯುಬೇಟರ್, ನಾನು, ಮತ್ತು ಗಾಜು ತೊಳೆಯುವ ಆಯಾ. ಕ್ಷಯದ ಕ್ರಿಮಿಯನ್ನು ಬೆಳೆಸಲು ಮೊಟ್ಟೆ ಬೇಕು. ಮೊಟ್ಟೆಯನ್ನು ಒಡೆದು, ಶೋಧಿಸಿ, ಹಸಿರು ಬಣ್ಣದ ದ್ರಾವಣ ಬೆರೆಸಿ, ಓರೆಯಾಗಿ ಮಲಗಿಸಿದ ಗಾಜಿನ ಕೊಳವೆಗಳಲ್ಲಿ ಹದವಾದ ಬಿಸಿಗೆ ಗಟ್ಟಿ ಮಾಡಬೇಕು. ಬಸವನಗುಡಿಯ ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರೂ ಎತ್ತುವಂತಿರಲಿಲ್ಲ. ಕೆಲಸದಿಂದ ಬಂದ ಮೇಲೆ ಸ್ನಾನ ಮಾಡದೆ ಅಮ್ಮ ಅಡಿಗೆಮನೆಯ ಹೊಸಲು ದಾಟಲು ಬಿಡುತ್ತಿರಲಿಲ್ಲ. ಆಯಾಳಿಗೆ ಇದೊಂದು ಮುಗಿಯದ ತಮಾಷೆ.

"ಐನೋರ ಮನೆ ಮಗಳು ಬುಟ್ಟಿಗಟ್ಟಲೆ ಮೊಟ್ಟೆ ಒಡೀತಾಳೆ, ಒಂದು ಆಮ್ಲೆಟ್ ತಿಂದೋಳಲ್ಲ. ಆ ಕ್ರಿಮಿಗಳ ಪುಣ್ಯವೇ ಪುಣ್ಯ!"

ಬಾಣಂತಿಯನ್ನು ಪುಟ್ಟೇನಹಳ್ಳಿಯಿಂದ ಎತ್ತಿನ ಗಾಡಿಯಲ್ಲಿ ಕರೆತಂದರು. ಇಪ್ಪತ್ತರ ಆಸುಪಾಸಿನ ಹುಡುಗಿ. ಮೊದಲ ಹೆರಿಗೆ, ಹಾಗಾಗಿ ತವರಿನಲ್ಲೇ ಆಗಿತ್ತು. ಗಂಡನ ಊರು ಅರೆಕೆರೆ. ಹೆರಿಗೆಯಾಗಿ ಕೆಲವು ವಾರಗಳಾದ ಮೇಲೆ ಸಂಜೆ ಸಂಜೆ ಜ್ವರ, ಕೆಮ್ಮು, ಏದುಸಿರು. ಕಿವಿಗೆ ಹತ್ತಿ, ತಲೆಗೆ ಬಿಗಿದ ಬಟ್ಟೆ, ಹೊಟ್ಟೆಗೆ ಸುತ್ತಿದ ಹಳೆ ಸೀರೆ. ಅಷ್ಟೆಲ್ಲದರ ನಡುವೆ ಮುಖ ತೀರಾ ಚಿಕ್ಕದಾಗಿ ಕಾಣುತ್ತಿತ್ತು. ಮಗು ಪಕ್ಕದಲ್ಲೇ ಇತ್ತು. ಜೊತೆಗೆ ಬಂದಿದ್ದ ಅವಳ ತಾಯಿ ಗಟ್ಟಿಮುಟ್ಟಾದ ಹೆಂಗಸು. ಹಾಸಿಗೆಯ ಕಾಲಡಿ ಚಾಪೆ ಹಾಸಿಕೊಂಡು ಅಲ್ಲೇ ಬೀಡು ಬಿಟ್ಟಳು.

ವಾರ್ಡು ನೋಡುತ್ತಿದ್ದ ಡಾಕ್ಟರು ಅವಸರದ ಮನುಷ್ಯರಲ್ಲ. ಎದೆಯ ಎಕ್ಸ್‌ರೇಯ ಬುಡದಲ್ಲಿ ಮಬ್ಬು ಇತ್ತು, ಅದು ಏನು ಬೇಕಾದರೂ ಆಗಬಹುದಿತ್ತು. ಹೆರಿಗೆಯ ನಂತರ ಕ್ಷಯ ತಲೆಯೆತ್ತುವುದನ್ನು ಅವರು ಬಹಳ ನೋಡಿದ್ದರು. ಬೆಳಗಿನ ಕಫ ಕಳಿಸಿ ಎಂದು ಬರೆದರು. ಹಿಂದಿನ ದಿನವೇ ಆಯಾ ಹಾಸಿಗೆಯ ಬಳಿ ಡಬ್ಬಿ ಇಡುವುದು, ಬೆಳಿಗ್ಗೆ ಎಲ್ಲವನ್ನೂ ಟ್ರೇಯಲ್ಲಿ ಜೋಡಿಸಿ ಲ್ಯಾಬಿಗೆ ತರುವುದು, ಇದು ನಮ್ಮ ರೂಢಿ. ನಾನು ರೋಗಿಯನ್ನು ನೋಡುವ ಪ್ರಸಂಗ ಬರುತ್ತಿರಲಿಲ್ಲ. ಚೀಟಿಯ ಮೇಲಿನ ಹೆಸರೇ ರೋಗಿ.

ಕಫದಲ್ಲಿ ಹಳದಿ ಗಂಟುಗಂಟಾಗಿರುವ ಭಾಗವನ್ನು ಆರಿಸಿ ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಹರಡಬೇಕು. ಉರಿಯ ಮೇಲೆ ಹಾಯಿಸಿ ಅಂಟಿಸಬೇಕು. ಕೆಂಪು ಬಣ್ಣ ಹೊಯ್ದು, ಆವಿ ಏಳುವಷ್ಟು ಮಾತ್ರ ಬಿಸಿ ಕೊಡಬೇಕು, ಕುದಿಯಬಾರದು. ಆಮೇಲೆ ಆಮ್ಲದಲ್ಲಿ ತೊಳೆದರೆ ಎಲ್ಲದರ ಬಣ್ಣವೂ ಹೋಗುತ್ತದೆ, ಕ್ಷಯದ ಕ್ರಿಮಿಯದೊಂದನ್ನು ಬಿಟ್ಟು. ಕೊನೆಗೆ ನೀಲಿ. ನೀಲಿ ನೆಲದ ಮೇಲೆ ಕೆಂಪು ಕಡ್ಡಿಗಳು ಕಂಡರೆ ಮಾತು ಮುಗಿದಂತೆ. ಅವಳ ಹೆಸರಿನ ಗಾಜಿನ ಪಟ್ಟಿಯಲ್ಲಿ ಅವನ್ನು ಹುಡುಕುವ ಅಗತ್ಯವೇ ಬೀಳಲಿಲ್ಲ, ಕಣ್ಣಿಟ್ಟಲ್ಲೆಲ್ಲ ಇದ್ದವು. ಮಾರನೆಯ ಬೆಳಗಿನದರಲ್ಲೂ ಅದೇ, ಅದರ ಮರುದಿನವೂ ಅದೇ. ಒಂದಿಷ್ಟು ಕಫವನ್ನು ಮೊಟ್ಟೆಯ ಕೊಳವೆಗಳಿಗೂ ಹಾಕಿಟ್ಟೆ.

ಸ್ಟ್ರೆಪ್ಟೋಮೈಸಿನ್ ಚುಚ್ಚುಮದ್ದು ಶುರುವಾಯಿತು. ಅದೇ ದಿನ ಮಗುವನ್ನು ಅವಳಿಂದ ಬೇರೆ ಮಾಡಿದರು. ಹಾಲು ಕುಡಿಸುವಂತಿಲ್ಲ, ಮುಟ್ಟುವಂತಿಲ್ಲ. ಅಜ್ಜಿ ಮಗುವನ್ನು ಎತ್ತಿಕೊಂಡು ಹೊರಗಿನ ಜಗಲಿಗೆ ಹೋದಳು. ಅಲ್ಲೇ ತೊಡೆಯ ಮೇಲೆ ಮಲಗಿಸಿಕೊಂಡು ಒಳಲೆಯಲ್ಲಿ ಹಸುವಿನ ಹಾಲು ಕುಡಿಸುತ್ತಿದ್ದಳು. ಮಗಳಿಗೆ ಎದೆಹಾಲು ಕಟ್ಟಿಕೊಂಡು ನೋವಾಗಿತ್ತು. ಹಾಲು ಇಂಗಲೆಂದು ಅಜ್ಜಿಯೇ ಮಲ್ಲಿಗೆ ಹೂವನ್ನು ಅವಳ ಎದೆಗಿಟ್ಟು ಬಟ್ಟೆ ಬಿಗಿದಳಂತೆ. ವಾರ್ಡಿನ ತುಂಬ ಮಲ್ಲಿಗೆ ವಾಸನೆ ಎಂದು ಆಯಾ ಬಂದು ಹೇಳಿದಳು. ಇದನ್ನು ನಾನು ಕೇಳಿದ್ದು ಮಾತ್ರ. ಆದರೂ ಆ ವಾಸನೆ ನನಗೆ ನೆನಪಿದೆ. ನಂಬಬಾರದ ನೆನಪುಗಳಲ್ಲಿ ಇದೂ ಒಂದು.

ಜ್ವರ ಇಳಿಯಲಿಲ್ಲ. ಒಂದೆರಡು ದಿನ ತಗ್ಗಿದಂತೆ ಮಾಡಿ ಮತ್ತೆ ಏರಿತು. ಏದುಸಿರು ಹೆಚ್ಚಿತು. ಡಾಕ್ಟರು ಲ್ಯಾಬಿನ ಬಾಗಿಲಲ್ಲಿ ನಿಂತು, "ಏನಮ್ಮಾ, ನಿಮ್ಮ ಅಡಿಗೆ ಎಲ್ಲಿಗೆ ಬಂತು? ಮದ್ದಿಗೆ ಬಗ್ಗದ ಕ್ರಿಮಿ ಏನಾದರೂ ಇರಬಹುದಾ?" ಎಂದು ಕೇಳಿದರು. ಕೊಳವೆಗಳನ್ನು ತೆಗೆದು ತೋರಿಸಿದೆ. ಮೊಟ್ಟೆ ಕರಗಿ ಹಸಿರು ನೀರಾಗಿತ್ತು. ಬೇರೆ ಯಾವುದೋ ಕ್ರಿಮಿ ಸೇರಿ ಕೆಡಿಸಿತ್ತು.

"ಮತ್ತೆ ಹಾಕಬೇಕು ಸಾರ್. ಈ ಸಲ ಬಾಯಿ ತೊಳೆಸಿ ನಾನೇ ತರ್ತೀನಿ."

ಹಾಗೆ ನಾನು ಮೊದಲ ಸಲ ಅವಳ ಹಾಸಿಗೆಯ ಬಳಿ ಹೋದೆ. ಬೆಳಗಿನ ಹೊತ್ತು. ಮಗು ಜಗಲಿಯಲ್ಲಿ ಆಯಾಳ ಹತ್ತಿರ ಇತ್ತು. ತಾಯಿ ಮಗಳ ತೋಳಿಗೆ ಹರಳೆಣ್ಣೆ, ಅರಿಶಿನ ತಿಕ್ಕುತ್ತಿದ್ದಳು. ನಾನು ಬಾಣಂತಿಗೆ ಹೇಳಿದೆ: "ನೋಡಮ್ಮ, ಇವತ್ತು ನನ್ನೆದುರಿಗೇ ಕೆಮ್ಮಬೇಕು. ಉಗುಳು ಬೇಡ, ಒಳಗಿಂದ ಬರೋದು ಬೇಕು."

ತಾಯಿ ಎಣ್ಣೆಯ ಕೈ ಒರೆಸಿಕೊಂಡು ಮುಂದೆ ಚಾಚಿದಳು. "ಕೊಡವ್ವ ಇತ್ಲಾಗೆ. ದಿನಾ ನಾನೇ ಅಲ್ವಾ ಕೊಡ್ತಿದ್ದದ್ದು."

"ನೀವಾ?"

"ಇನ್ನೇನು ಮತ್ತೆ? ಹಸೀ ಮೈ ಅವಳ್ದು. ಹೊಟ್ಟೆ ಬಿಗಿದು ಕಟ್ಟಿದೀನಿ. ಅಂಗೆ ಕ್ಯಾಕರಿಸಿ ಕೆಮ್ಮುದ್ರೆ ನರ ಎಲ್ಲಾ ಸಡಿಲ ಆಗೋಗಲ್ವಾ? ನಂಗೂ ಕೆಮ್ಮು ಐತೆ. ನನ್ನ ಹೊಟ್ಟೇಲಿ ಹುಟ್ಟಿದೋಳು ಅವಳು. ನಂದಾದ್ರೇನು, ಅವಳ್ದಾದ್ರೇನು?"

ಹಾಸಿಗೆಯಿಂದ ಮಗಳು ಸಣ್ಣಗೆ ನಕ್ಕಳು. "ಬ್ಯಾಡ ಕಣವ್ವ ಅಂದೆ ಅಕ್ಕ. ಅವಳ ಪಾಲಿಗೆ ನಾನಿನ್ನೂ ಮೂಗು ಸುರಿಸೋ ಕೂಸು."

ಅವರು ಯಾರಿಂದಲೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ಡಬ್ಬಿ ತುಂಬಬೇಕೆಂದು ಹೇಳಿದ್ದರು, ತುಂಬಿತ್ತು. ಯಾರ ಎದೆಯಿಂದ ಎಂದು ಆಯಾ ಕೇಳಿರಲಿಲ್ಲ. ಹಾಗೊಂದು ಪ್ರಶ್ನೆ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಆ ಕ್ಷಣ ನನಗೇನನ್ನಿಸಿತು ಎನ್ನುವುದು ನನಗೆ ನಿಜಕ್ಕೂ ನೆನಪಿಲ್ಲ. ಎದೆ ಧಸಕ್ಕೆಂದಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನೆನಪಿರುವುದು ಮಾಡಿದ ಕೆಲಸ ಮಾತ್ರ: ಇನ್ನೊಂದು ಡಬ್ಬಿ ತರಿಸಿದೆ. ಒಂದರಲ್ಲಿ ತಾಯಿಯದು, ಒಂದರಲ್ಲಿ ಮಗಳದು. ಮಗಳಿಗೆ ಕೆಮ್ಮುವುದು ಕಷ್ಟವಾಯಿತು. ಹೊಟ್ಟೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ತಾಯಿ "ಸಾಕು ಬಿಡೇ, ಸಾಕು ಬಿಡೇ" ಎನ್ನುತ್ತಿದ್ದರೂ ಕೆಮ್ಮಿದಳು. ಬಂದದ್ದು ಸ್ವಲ್ಪ. ಗಂಟಿಲ್ಲ, ಹಳದಿಯಿಲ್ಲ, ತುಕ್ಕಿನ ಬಣ್ಣ ಬೆರೆತ ನೊರೆ. ಡಬ್ಬಿ ನನ್ನ ಕೈಗೆ ಕೊಟ್ಟು ಕೇಳಿದಳು:

"ಅಕ್ಕಾ, ಇದ್ರಲ್ಲಿ ಏನೂ ಇಲ್ಲ ಅಂದ್ರೆ ಮಗೀನ ನಂಗೆ ಕೊಡ್ತಾರಾ?"

ನಾನು ನೋಡೋಣ ಅಂದೆ. ಆಸ್ಪತ್ರೆಯಲ್ಲಿ ನಾವೆಲ್ಲ ಎಲ್ಲರಿಗೂ ಹೇಳುತ್ತಿದ್ದ ಮಾತು ಅದು.

ತಾಯಿಯ ಪಟ್ಟಿಯಲ್ಲಿ ಅದೇ ಕೆಂಪು ಕಡ್ಡಿಗಳು, ಕಂತೆ ಕಂತೆ. ಮಗಳದನ್ನು ಕಣ್ಣು ನೀರಾಡುವವರೆಗೆ ಅಂಗುಲ ಅಂಗುಲ ನೋಡಿದೆ. ಒಂದೂ ಇರಲಿಲ್ಲ. ಇನ್ನೊಂದು ಗಾಜಿನ ಮೇಲೆ, ಬಣ್ಣ ಹಾಕದೆ ನೋಡಿದಾಗ ದೊಡ್ಡ ದುಂಡನೆಯ ಜೀವಕೋಶಗಳು ಕಂಡವು. ಒಳಗೆ ಕಂದು ಬಣ್ಣದ ಕಣಗಳು. ಹೃದಯ ಸೋತು ರಕ್ತ ಶ್ವಾಸಕೋಶದಲ್ಲಿ ನಿಂತಾಗ ಕಾಣಿಸಿಕೊಳ್ಳುವಂಥವು. ಡಾಕ್ಟರನ್ನು ಕರೆದು ತೋರಿಸಿದೆ. ಅವರು ನೋಡಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು. ನೇರ ವಾರ್ಡಿಗೆ ಹೋದರು. ನಾನೂ ಹಿಂದೆ ಹೋದೆ.

ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಉಗುರುಗಳನ್ನು ಬೆಳಕಿಗೆ ಹಿಡಿದು ನೋಡಿದರು; ಒಂದೆರಡರ ಅಡಿಯಲ್ಲಿ ಸಿಬಿರು ಚುಚ್ಚಿದಂತೆ ಕಪ್ಪು ಗೀರು. "ಹೃದಯದ ಈ ಸದ್ದನ್ನ ನಾನು ಮೊದಲೇ ಕೇಳಿದ್ದೆ," ಎಂದರು, ಯಾರಿಗೆಂದಿಲ್ಲದೆ. "ಮೈಯಲ್ಲಿ ರಕ್ತ ಕಮ್ಮಿ, ಅದಕ್ಕೆ ಅಂದುಕೊಂಡೆ." ತಾಯಿಯ ಕಡೆ ತಿರುಗಿದರು. "ಚಿಕ್ಕವಳಿದ್ದಾಗ ಕೀಲು ಕೀಲು ಊದಿ ಜ್ವರ ಬಂದಿತ್ತೇನಮ್ಮಾ?"

"ಬಂದಿತ್ತು ಬುದ್ದಿ. ಒಂದು ಬ್ಯಾಸಗೆ ಪೂರ್ತಿ ಮಲಗಿದ್ಲು. ಆಮೇಲೆ ಓಡಾಡ್ಕೊಂಡಿದ್ಲಲ್ಲ."

ಆ ಜ್ವರ ಬಾಲ್ಯದಲ್ಲೇ ಹೃದಯದ ಕವಾಟವನ್ನು ಕೆಡಿಸಿತ್ತು. ಹೆರಿಗೆಯ ಹೊತ್ತಿನಲ್ಲಿ ರಕ್ತಕ್ಕೆ ಸೇರಿದ ಯಾವುದೋ ಕ್ರಿಮಿ ಅಲ್ಲಿ ಹೋಗಿ ಕೂತಿರಬೇಕು. ಇದು ಡಾಕ್ಟರ ಊಹೆ. ಊಹೆಯನ್ನು ಸಾಬೀತು ಮಾಡಬೇಕಾದದ್ದು ನಾನು.

ಅದಕ್ಕೆ ಮೊದಲು ಇನ್ನೊಂದು ಕೆಲಸವಿತ್ತು. ತಾಯಿಗೆ ಹೇಳಬೇಕಿತ್ತು. ಡಾಕ್ಟರು ಮೃದುವಾಗಿಯೇ ಹೇಳಿದರು: ಕಾಯಿಲೆ ಇರುವುದು ನಿಮಗೆ, ಗುಳಿಗೆ ಕೊಡುತ್ತೇವೆ, ವಾಸಿಯಾಗುತ್ತದೆ, ಆದರೆ ಮಗುವನ್ನು ಹತ್ತಿರ ಇಟ್ಟುಕೊಳ್ಳಬೇಡಿ. ಅವಳು ಮೊದಲು ನಂಬಲಿಲ್ಲ. "ನಂಗೇನಾಗೈತೆ ಬುದ್ದಿ? ಬೆಳಿಗ್ಗೆ ಎದ್ದು ನಾಲ್ಕು ಕೊಡ ನೀರು ಸೇದ್ತೀನಿ." ಆಮೇಲೆ ಜಗಲಿಯ ಕಡೆ ನೋಡಿದಳು. ಮಗು ಬೆರಳು ಚೀಪುತ್ತಿತ್ತು. "ಅಂಗಾದ್ರೆ ಇಷ್ಟು ದಿನ ತೊಡೆ ಮೇಲೆ ಹಾಕ್ಕೊಂಡು ನಾನು…" ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ಸರಿದು ಕೂತಳು. ಆ ದಿನದಿಂದ ಮಗಳ ಹಾಸಿಗೆಗೂ ಅವಳ ಚಾಪೆಗೂ ನಡುವೆ ಒಂದು ಮಂಚದಷ್ಟು ಜಾಗ ಬಂತು.

ಸಂಜೆ ಗಂಡ ಬಂದ. ಅಣ್ಣನ ಹೆಂಡತಿಗೂ ಎಳೆಗೂಸಿದೆ, ಎದೆಹಾಲಿದೆ ಎಂದು ಮಗುವನ್ನು ಅರೆಕೆರೆಗೆ ಎತ್ತಿಕೊಂಡು ಹೋದ. ಅಲ್ಲಿಯವರೆಗೆ ಮಗು ಜಗಲಿಯಲ್ಲಿತ್ತು. ಅತ್ತರೆ ಬಾಣಂತಿಗೆ ಕೇಳಿಸುತ್ತಿತ್ತು. ನಿಜ ತಿಳಿದದ್ದರಿಂದ ಆಗಿದ್ದು ಏನೆಂದರೆ ಮಗು ಕೇಳಿಸದಷ್ಟು ದೂರ ಹೋಯಿತು. ಡಾಕ್ಟರು ಅವಳಿಗೆ ಒಂದು ಮಾತು ಕೊಟ್ಟರು. ಒಂದು ದಿನದ ಕಫದಿಂದ ಏನೂ ಹೇಳಲಾಗದು. ಕೆಲವು ದಿನ ಸತತವಾಗಿ ಪರೀಕ್ಷೆ ಶುದ್ಧವಾಗಿ ಬರಲಿ, ಆಮೇಲೆ ಮಗುವನ್ನು ಕರೆಸುತ್ತೇನೆ.

ಅವಳು ಅದನ್ನು ಪರೀಕ್ಷೆ ಎಂದೇ ತಿಳಿದುಕೊಂಡಳು, ಶಾಲೆಯ ಪರೀಕ್ಷೆಯ ಹಾಗೆ. ಪ್ರತಿ ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಬಾಯಿ ತೊಳೆದುಕೊಂಡು ಕಾದಿರುತ್ತಿದ್ದಳು. ಹೊಟ್ಟೆ ಒತ್ತಿ ಹಿಡಿದು ಕೆಮ್ಮುತ್ತಿದ್ದಳು. "ಇವತ್ತು ಪಾಸಾ ಅಕ್ಕ?" ಎನ್ನುತ್ತಿದ್ದಳು. ಗೋಡೆಯ ಬದಿಯಿಂದ ಅವಳ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನೋಡುತ್ತಿದ್ದಳು.

ಈ ನಡುವೆ ರಕ್ತದ ಪ್ರಶ್ನೆ. ರಕ್ತದಲ್ಲಿರುವ ಕ್ರಿಮಿಯನ್ನು ಹಿಡಿಯಬೇಕಾದರೆ ರಕ್ತವನ್ನು ಕ್ರಿಮಿ ಬೆಳೆಯಲೆಂದೇ ಕಾಯಿಸಿದ ಮಾಂಸದ ಸಾರಿನ ಸೀಸೆಗೆ ಹಾಕಿ ಬೆಚ್ಚಗಿಟ್ಟು ಕಾಯಬೇಕು. ಆದರೆ ಅವಳ ರಕ್ತದಲ್ಲಿ ಆಗಲೇ ಸ್ಟ್ರೆಪ್ಟೋಮೈಸಿನ್ ಇತ್ತು. ಅದು ಕ್ರಿಮಿಯನ್ನು ಕೊಂದಿರಲಿಲ್ಲ, ಸೀಸೆಯಲ್ಲಿ ಬೆಳೆಯದಂತೆ ತಡೆಯುವಷ್ಟು ಮಾತ್ರ ಅದುಮಿಟ್ಟಿರಬಹುದು. ಮದ್ದು ನಿಲ್ಲಿಸಿ ಕೆಲವು ದಿನ ಬಿಟ್ಟು ರಕ್ತ ತೆಗೆದರೆ ಕ್ರಿಮಿ ಯಾವುದು, ಯಾವ ಮದ್ದಿಗೆ ಬಗ್ಗುತ್ತದೆ ಎನ್ನುವುದು ತಿಳಿಯುವ ಸಂಭವ ಹೆಚ್ಚು. ಆ ಕೆಲವು ದಿನ ಅವಳ ಹೃದಯ ತಡೆಯುತ್ತದೆಯೇ?

"ನೀವು ಏನು ಹೇಳ್ತೀರಿ?" ಎಂದು ಡಾಕ್ಟರು ನನ್ನನ್ನು ಕೇಳಿದರು. ನಾನು ಏನು ಹೇಳಿದೆ ಎನ್ನುವುದಕ್ಕೆ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ಕಾಯೋಣ ಅನ್ನುತ್ತೇನೆ, ಇನ್ನೊಂದರಲ್ಲಿ ಬೇಡ ಅನ್ನುತ್ತೇನೆ. ಎರಡೂ ಸಮಾನ ಸ್ಪಷ್ಟ. ಡಾಕ್ಟರು ಮಾಡಿದ ತೀರ್ಮಾನ ಮಾತ್ರ ಒಂದೇ. "ಇವತ್ತೇ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಸಲ ರಕ್ತ ತಗೊಳ್ಳಿ. ಮೂರನೇದು ಆದ ಕೂಡಲೇ ಪೆನಿಸಿಲಿನ್ ಶುರು ಮಾಡ್ತೀನಿ. ಕ್ರಿಮಿಯ ಹೆಸರು ತಿಳಿಯೋವರೆಗೆ ಅವಳನ್ನ ಕಾಯಿಸೋದು ನನ್ನ ಕೈಲಾಗಲ್ಲ."

ರಕ್ತ ತೆಗೆಯುವುದು ಸುಲಭವಾಗಲಿಲ್ಲ. ತಾಯಿ ದಿನವೂ ತಿಕ್ಕಿದ್ದ ಎಣ್ಣೆ, ಅರಿಶಿನ ತೋಳಿನ ಚರ್ಮಕ್ಕೆ ಇಳಿದುಹೋಗಿತ್ತು. ಸೋಪು ಹಚ್ಚಿದರೆ ಅರಿಶಿನ ರಕ್ತದ ಹಾಗೆ ಕೆಂಪಾಯಿತು. ಅದನ್ನು ಕಂಡು ತಾಯಿ ಬೆಚ್ಚಿದಳು. ಈಥರ್‌ನಲ್ಲಿ ಒರೆಸಿದೆ, ಸ್ಪಿರಿಟ್‌ನಲ್ಲಿ ಒರೆಸಿದೆ, ಅಯೋಡಿನ್ ಬಳಿದೆ. ಹತ್ತಿ ಪ್ರತಿ ಸಲವೂ ಹಳದಿಯಾಗಿಯೇ ಬಂತು. ಚರ್ಮದ ಮೇಲೆ ಎಲ್ಲರಲ್ಲೂ ಕ್ರಿಮಿಗಳಿರುತ್ತವೆ. ಎಣ್ಣೆಯ ಅಡಿಯಲ್ಲಿ ಅವು ಸ್ಪಿರಿಟ್ಟಿಗೆ ಸಿಗದೆ ಉಳಿಯುತ್ತವೆ. ಕುದಿಸಿದ ಗಾಜಿನ ಸಿರಿಂಜಿನಿಂದ ರಕ್ತ ಎಳೆದು, ಸೀಸೆಯ ಬಾಯನ್ನು ಉರಿಗೆ ಹಿಡಿದು, ಮದ್ದು ತೆಳುವಾಗಲೆಂದು ಹೆಚ್ಚು ಸಾರಿನಲ್ಲಿ ಬೆರೆಸಿಟ್ಟೆ.

ಪ್ರತಿ ಬೆಳಿಗ್ಗೆ ಸೀಸೆಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಎರಡು ತಿಳಿಯಾಗಿಯೇ ಉಳಿದವು. ಒಂದು ಕೆಲವು ದಿನಗಳಲ್ಲಿ ಮಂಕಾಯಿತು. ಅದರದೊಂದು ಹನಿಯನ್ನು ಕುರಿಯ ರಕ್ತ ಬೆರೆಸಿದ ತಟ್ಟೆಯ ಮೇಲೆ ಎಳೆದೆ. ಮಾರನೆಯ ದಿನ ಬಿಳಿಯ ಸಣ್ಣ ಗುಡ್ಡೆಗಳು. ಸೂಕ್ಷ್ಮದರ್ಶಕದಲ್ಲಿ ದ್ರಾಕ್ಷಿ ಗೊಂಚಲಿನಂತೆ ಗುಂಪು. ಉಳಿದ ಪರೀಕ್ಷೆಗಳನ್ನೂ ಮಾಡಿದೆ. ಚರ್ಮದ ಮೇಲೆ ಸದಾ ಇರುವ, ನಾವು ನಿರುಪದ್ರವಿ ಎಂದು ಕರೆಯುತ್ತಿದ್ದ ಜಾತಿಯೇ ಅದು. ಪೆನಿಸಿಲಿನ್ ಹೀರಿಸಿದ ಕಾಗದದ ಬಿಲ್ಲೆಯ ಸುತ್ತ ಅದು ಹೆದರಿಕೆಯಿಲ್ಲದೆ ಬೆಳೆದಿತ್ತು.

ಡಾಕ್ಟರು ತಟ್ಟೆಯನ್ನು ಕೈಯಲ್ಲಿ ಹಿಡಿದು ನಿಂತರು. "ಇದು ಅವಳ ರಕ್ತದ್ದಾ, ಅವಳ ಚರ್ಮದ್ದಾ?"

"ಹೇಳೋಕೆ ಆಗಲ್ಲ ಸಾರ್."

"ರಕ್ತದ್ದೇ ಆದರೆ ನಾನು ಕೊಡ್ತಿರೋ ಪೆನಿಸಿಲಿನ್ ನೀರು. ಚರ್ಮದ್ದಾದರೆ ಸರಿಯಾದ ಮದ್ದೇ ಕೊಡ್ತಿದೀನಿ."

"ಹೌದು ಸಾರ್."

"ಇನ್ನೊಂದು ಸಲ ತೆಗೆದರೆ?"

"ಈಗ ಪೆನಿಸಿಲಿನ್ ಸೇರಿದೆ. ಬೆಳೆದರೂ ಬೆಳೀದೇ ಇದ್ದರೂ ಏನೂ ತಿಳಿಯಲ್ಲ."

ಅವರು ತಟ್ಟೆಯನ್ನು ಮೇಜಿನ ಮೇಲಿಟ್ಟರು. "ಎರಡು ಸೀಸೆ ತಿಳಿಯಾಗಿವೆ, ಒಂದು ಮಂಕಾಗಿದೆ. ಎರಡರ ಮಾತು ಕೇಳೋಣ." ಪೆನಿಸಿಲಿನ್ ಮುಂದುವರಿಯಿತು. ಜ್ವರವೂ ಇಳಿಯತೊಡಗಿತ್ತು, ಅದು ಅವರ ಮಾತಿಗೆ ಬಲ ಕೊಟ್ಟಿತು. ಅವಳು ದಿಂಬಿಗೊರಗಿ ಕೂತು ರಾಗಿ ಅಂಬಲಿ ಕುಡಿದಳು. ಕಫದಲ್ಲಿ ಕೆಂಪು ಕಡ್ಡಿ ಒಂದು ದಿನವೂ ಕಾಣಿಸಲಿಲ್ಲ. ಡಾಕ್ಟರು ಕೊಟ್ಟ ಮಾತಿನಂತೆ ಅರೆಕೆರೆಗೆ ಹೇಳಿ ಕಳಿಸಿದರು: ಮಗುವನ್ನು ಕರೆತನ್ನಿ.

"ಪಾಸಾದೆ," ಎಂದಳು ಅವಳು ತಾಯಿಗೆ. ತಾಯಿ ಗೋಡೆಯ ಬದಿಯಿಂದಲೇ, "ತಲೆ ಬಾಚ್ಕೊಳ್ಳೇ, ಕೂಸು ಹೆದರ್ಕೊಂಡೀತು," ಎಂದಳು.

ಮರುದಿನ ಬೆಳಿಗ್ಗೆ ನಾನು ಹೋದಾಗ ಅವಳ ಬಾಯಿ ಓರೆಯಾಗಿತ್ತು. ಬಲಗೈ ಬಿದ್ದುಹೋಗಿತ್ತು. ಕವಾಟದಿಂದ ಕಳಚಿಕೊಂಡ ಒಂದು ಚೂರು ಮೆದುಳಿಗೆ ಹೋಗಿ ಸಿಕ್ಕಿಕೊಂಡಿತ್ತು. ನನ್ನ ಕೈಯಲ್ಲಿದ್ದ ಡಬ್ಬಿಯನ್ನು ನೋಡಿ ಅಭ್ಯಾಸದಂತೆ ಹೊಟ್ಟೆಯ ಮೇಲೆ ಕೈಯಿಡಲು ಹೋದಳು; ಎಡಗೈ ಮಾತ್ರ ಬಂತು. ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಂತೆ. ಅದಾದ ಮೇಲೆ ಅವಳು ಹೆಚ್ಚು ದಿನ ಬದುಕಲಿಲ್ಲ.

ಕವಾಟದಲ್ಲಿ ಏನಿತ್ತು ಎನ್ನುವುದು ತಿಳಿಯಲಿಲ್ಲ. ದೇಹವನ್ನು ಕೊಯ್ದು ನೋಡಲು ಮನೆಯವರು ಒಪ್ಪಲಿಲ್ಲ, ಡಾಕ್ಟರೂ ಒತ್ತಾಯಿಸಲಿಲ್ಲ. ಆ ಮಂಕಾದ ಸೀಸೆ ಏನು ಹೇಳುತ್ತಿತ್ತು ಎನ್ನುವುದು ನನಗೆ ಇಂದಿಗೂ ಗೊತ್ತಿಲ್ಲ. ನಿರುಪದ್ರವಿ ಎಂದು ನಾವಂದುಕೊಂಡಿದ್ದ ಆ ಜಾತಿಯೂ ಕೆಟ್ಟ ಕವಾಟದ ಮೇಲೆ ನೆಲೆಯೂರಬಲ್ಲದು ಎಂದು ಆಮೇಲಿನ ವರ್ಷಗಳಲ್ಲಿ ಓದಿದೆ. ಊರಬಲ್ಲದು ಎಂದ ಮಾತ್ರಕ್ಕೆ ಊರಿತ್ತು ಎಂದಾಗುವುದಿಲ್ಲ. ತಾಯಿ ಕೆಲವು ಸಲ ಗುಳಿಗೆಗೆ ಬಂದಳು, ಆಮೇಲೆ ಬರುವುದನ್ನು ನಿಲ್ಲಿಸಿದಳು. ಅವಳ ತೊಡೆಯ ಮೇಲೆ ಕಳೆದ ಆ ದಿನಗಳು ಮಗುವಿಗೆ ಏನು ಮಾಡಿದವೋ, ಅದೂ ಗೊತ್ತಿಲ್ಲ.

ಉಳಿದದ್ದು ಒಂದೇ. ಅವಳು ಹೋಗುವ ಮುಂಚೆ ಮಗುವನ್ನು ತಂದರು, ಹಾಸಿಗೆಯ ಮೇಲೆ ಮಲಗಿಸಿದರು ಎಂದು ಆಯಾ ಹೇಳಿದಳು. ಗಾಡಿ ಬಂದದ್ದು ಎಲ್ಲ ಮುಗಿದ ಮೇಲೆ ಎಂದು ಆ ದಿನ ವಾರ್ಡಿನಲ್ಲಿದ್ದ ನರ್ಸು ಹೇಳಿದರು. ಇಬ್ಬರೂ ಸುಳ್ಳು ಹೇಳುವವರಲ್ಲ. ನಾನು ಲ್ಯಾಬಿನಲ್ಲಿದ್ದೆ. ಆದರೂ ನನ್ನ ಕಣ್ಣ ಮುಂದೆ ಒಂದು ಚಿತ್ರವಿದೆ: ಅವಳು ಮಗುವನ್ನು ಎದೆಗೆ ಒತ್ತಿಕೊಂಡಿದ್ದಾಳೆ, ಕೆನ್ನೆಯ ಮೇಲೆ ದೃಷ್ಟಿಬೊಟ್ಟು ಇಟ್ಟ ಮಗು. ಬಹಳ ಕಾಲ ಅದನ್ನು ಕಂಡದ್ದೇ ಎಂದು ನಂಬಿದ್ದೆ. ಆ ಚಿತ್ರದಲ್ಲಿ ಅವಳ ಎರಡೂ ಕೈಗಳು ಮಗುವನ್ನು ಬಳಸಿವೆ. ಆ ಹೊತ್ತಿಗೆ ಅವಳಿಗೆ ಒಂದೇ ಕೈಯಿತ್ತು. ಹಾಗಾಗಿ ನಾನು ಕಂಡದ್ದಲ್ಲ. ಮಗು ಅವಳ ಕೈಗೆ ಬಂತೋ ಇಲ್ಲವೋ, ನನಗೆ ಗೊತ್ತಿಲ್ಲ.